ಹೇಳಿ ಯಜಮಾನ್ರೇ, ಕೇಳುಸ್ತೈತೆ

ತ್ಯಾಮಗೊಂಡ್ಲಿನ ಪೇಟೆ ಬೀದಿಯಲ್ಲಿ ಅಂಗಡಿಗಳ ಶೆಟರ್ ಮೇಲೇಳುವ ಹೊತ್ತಿಗೆ ಫೋನುಗಳೂ ಶುರುವಾಗುತ್ತವೆ. ಗೊಬ್ಬರದಂಗಡಿಗೆ ಹಳ್ಳಿಯಿಂದ ಕರೆ ಬರುತ್ತದೆ. ಅದೇ ಅಂಗಡಿಯಿಂದ ಬೆಂಗಳೂರಿನ ಹೋಲ್‌ಸೇಲ್‌ನವರಿಗೆ ಕರೆ ಹೋಗುತ್ತದೆ. ಸಿಮೆಂಟ್ ಅಂಗಡಿಯವರು ಟೆಂಪೋ ಡ್ರೈವರನ್ನು ಹುಡುಕುತ್ತಿರುತ್ತಾರೆ, ಡೇರಿ ಕಾರ್ಯದರ್ಶಿ ದನದ ಡಾಕ್ಟರನ್ನು. ಎತ್ತಿದವರ ಬಾಯಿಂದ ‘ಹಲೋ’ ಬರುತ್ತದೆ, ಅದರ ಬೆನ್ನಿಗೇ ‘ಹೇಳಿ’. ಗುರುತಿನವರಾದರೆ ‘ಹೇಳಣ್ಣ’, ‘ಹೇಳಕ್ಕ’, ‘ಹೇಳಿ ಗೌಡ್ರೇ’, ‘ಹೇಳಿ ಶೆಟ್ರೇ’. ವಯಸ್ಸಾದವರಿಗೆ ‘ಹೇಳಿ ಯಜಮಾನ್ರೇ’. ಜೊತೆಗೆ ಓದಿದವನಾದರೆ ‘ಹೇಳೋ’. ಆ ಒಂದೇ ಮಾತಿನಲ್ಲಿ ನಿಮ್ಮ ದನಿ ಕೇಳಿಸಿದೆ, ನೀವು ಯಾರೆಂದು ಗೊತ್ತಾಗಿದೆ, ನಿಮಗೆ ಸಲ್ಲಬೇಕಾದ ಮರ್ಯಾದೆ ಸಂದಿದೆ, ಇನ್ನು ಮಾತು ನಿಮ್ಮದು ಎಂಬ ನಾಲ್ಕೂ ಸೇರಿರುತ್ತವೆ.

ಕನ್ನಡ ಕಲಿಸುವ ಕಿರುಪುಸ್ತಕಗಳಲ್ಲಿ ಫೋನಿನ ಪಾಠ ಬೇರೆ ಥರ ಇರುತ್ತದೆ. ‘ನಮಸ್ಕಾರ, ತಾವು ಯಾರು ಮಾತನಾಡುತ್ತಿರುವುದು? ದಯವಿಟ್ಟು ಸ್ವಲ್ಪ ಸಮಯ ಕಾಯುವಿರಾ?’ ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಇದನ್ನು ಕಲಿತು ಬಂದವರು ತ್ಯಾಮಗೊಂಡ್ಲಿನ ಯಾವುದೇ ಅಂಗಡಿಗೆ ಫೋನ್ ಮಾಡಿದರೆ, ಆ ಕಡೆಯಿಂದ ಬರುವ ‘ಯಾರ್ ಬೇಕಾಗಿತ್ತು? ಒಂದ್ನಿಮ್ಸ ಇರಿ, ಸಾಹುಕಾರ್ರು ಈಗ್ ತಾನೇ ಆಚೆಗ್ ಹೋದ್ರು’ ಎಂಬ ಮಾತು ಅವರಿಗೆ ತಿಳಿಯುವುದಿಲ್ಲ. ಬ್ಯಾಂಕಿನವರು, ಮೊಬೈಲ್ ಕಂಪನಿಯವರು, ವಿಮೆಯವರು ನಮ್ಮ ಊರಿಗೆ ಕಳಿಸುವ ಕನ್ನಡವೂ ಆ ಕಿರುಪುಸ್ತಕದ ಜಾತಿಗೇ ಸೇರಿದ್ದು. ನನ್ನ ವಾದ ಇಷ್ಟು: ಫೋನಿನಲ್ಲಿ ವ್ಯವಹಾರ ಮಾಡುವ ಕನ್ನಡವನ್ನು ಯಾರೂ ಹೊಸದಾಗಿ ಸೃಷ್ಟಿಸಬೇಕಿಲ್ಲ. ಇಂಥ ಪೇಟೆಗಳ ಬಾಯಲ್ಲಿ ಅದು ಹದವಾಗಿ ಸಿದ್ಧವಾಗಿದೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಿಲ್ಲ, ಅದರಿಂದಾಗುವ ನಷ್ಟ ಮಾತಿನದಷ್ಟೇ ಆಗಿ ಉಳಿದಿಲ್ಲ, ಹಣದ್ದೂ ಆಗಿದೆ.

ತ್ಯಾಮಗೊಂಡ್ಲು ನೆಲಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರ, ಹಿಂದಿನಿಂದಲೂ ವ್ಯಾಪಾರಸ್ಥರ ಊರು. ಒಂದು ಕಡೆ ತುಮಕೂರು ಹೆದ್ದಾರಿಯ ದಾಬಸ್‌ಪೇಟೆ, ಇನ್ನೊಂದು ಕಡೆ ಮಗ್ಗಗಳ ದೊಡ್ಡಬಳ್ಳಾಪುರ. ಹತ್ತಿರದ ಸೋಂಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ, ನೆಲಮಂಗಲದ ಸುತ್ತ ಗೋದಾಮುಗಳು ಎದ್ದ ಮೇಲೆ, ಇಲ್ಲಿನ ಫೋನುಗಳಲ್ಲಿ ಹಿಂದಿಯೂ ಹೆಚ್ಚು ಕೇಳತೊಡಗಿದೆ. ತೆಲುಗು, ಉರ್ದು ಮೊದಲಿನಿಂದಲೂ ಇದ್ದವು. ಇಲ್ಲಿನ ವ್ಯಾಪಾರಿ ಒಂದೇ ಕರೆಯಲ್ಲಿ ಮೂರು ಭಾಷೆ ದಾಟಬಲ್ಲ. ಲೆಕ್ಕದ ಮಾತಿಗೆ ಬಂದಾಗ ಮಾತ್ರ ಕನ್ನಡಕ್ಕೆ ಮರಳುತ್ತಾನೆ.

ಆ ಲೆಕ್ಕದ ಮಾತುಗಳನ್ನು ಗಮನಿಸಿ. ಬಾಕಿ, ಜಮಾ, ಖಾತೆ, ಉದ್ರಿ, ವಸೂಲಿ, ಚುಕ್ತಾ, ರವಾನೆ, ರಸೀದಿ, ದಾಸ್ತಾನು, ಕಂತು, ತಗಾದೆ. ಇವುಗಳಲ್ಲಿ ಬಹಳಷ್ಟು ಪಾರಸಿ, ಅರಬಿ, ಮರಾಠಿಯ ದಾರಿ ಹಿಡಿದು ಆಡಳಿತ ಮತ್ತು ಪೇಟೆಯ ಮೂಲಕ ಕನ್ನಡಕ್ಕೆ ಬಂದವು. ಇಂಥ ಮಾತುಗಳಿಗಾಗಿಯೇ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ ಮಾಡಿದರು. ಈ ಮಾತುಗಳು ಹೊರಗಿನಿಂದ ಬಂದವು ಎಂದು ಯಾರಿಗೂ ಈಗ ಅನ್ನಿಸುವುದಿಲ್ಲ, ಅಷ್ಟು ನಮ್ಮವಾಗಿವೆ. ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಫೋನಿನಲ್ಲಿ ‘ನಿಮ್ ಹಳೇ ಬಾಕಿ ಚುಕ್ತಾ ಮಾಡ್ಬಿಡಿ, ಹೊಸ ಮಾಲ್ ಇವತ್ತೇ ರವಾನೆ ಮಾಡ್ತೀನಿ’ ಎಂದೇ ಹೇಳುತ್ತಾರೆ. ಆ ವಾಕ್ಯದಲ್ಲಿ ಬೇಡಿಕೆ, ಷರತ್ತು, ಭರವಸೆ ಮೂರೂ ಇವೆ. ಕೇಳಿದವನಿಗೆ ಎರಡನೇ ಸಲ ಕೇಳುವ ಅಗತ್ಯವೇ ಬರುವುದಿಲ್ಲ.

ಫೋನು ಬರುವ ಮುಂಚೆ ವ್ಯವಹಾರದ ಮಾತು ಎರಡು ದಾರಿಯಲ್ಲಿ ಹರಿಯುತ್ತಿತ್ತು. ಒಂದು ಕಾಗದ. ಮೇಲೆ ‘ಶ್ರೀ’, ಕೆಳಗೆ ‘ಉ.ಕು.ಸಾಂ.’, ಅಂದರೆ ಉಭಯ ಕುಶಲೋಪರಿ ಸಾಂಪ್ರತ. ಆಮೇಲೆ ‘ತರುವಾಯ’ ಎಂದು ಆರಂಭಿಸಿ ವಿಷಯಕ್ಕೆ ಬರುವುದು. ಸಾಲ ಕೇಳುವ ಕಾಗದವಾಗಲಿ, ಮಾಲು ತರಿಸುವ ಕಾಗದವಾಗಲಿ, ಕುಶಲ ಕೇಳದೆ ಹಣದ ಮಾತಿಗೆ ಇಳಿಯುತ್ತಿರಲಿಲ್ಲ. ಈ ಒಕ್ಕಣೆ ಫೋನಿಗೆ ಬರುವಾಗ ಸಣ್ಣದಾಯಿತು, ಸಾಯಲಿಲ್ಲ. ಇವತ್ತಿಗೂ ‘ಮಳೆ ಆಯ್ತಾ ನಿಮ್ ಕಡೆ?’ ಎಂದು ಕೇಳಿದ ಮೇಲೆಯೇ ಬಾಕಿಯ ಮಾತು ಎತ್ತುವವರಿದ್ದಾರೆ. ಅದು ಕಾಲಹರಣವಲ್ಲ. ಮಳೆ ಆಯಿತೋ ಇಲ್ಲವೋ ಎಂಬುದರ ಮೇಲೆಯೇ ಬಾಕಿ ಬರುವುದು ಬಿಡುವುದು ನಿಂತಿರುತ್ತದೆ.

ಇನ್ನೊಂದು ದಾರಿ ಬೆರಳುಗಳದ್ದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್–ಜನವರಿಯ ಸುಮಾರಿಗೆ ಸೇರುವ ದನಗಳ ಜಾತ್ರೆಗೆ ಹೋದವರು ಇದನ್ನು ನೋಡಿರುತ್ತಾರೆ. ಹೋರಿ ಜೋಡಿಯ ಮುಂದೆ ಇಬ್ಬರು ನಿಂತು ಟವೆಲ್ ಮರೆಯಲ್ಲಿ ಕೈಗೆ ಕೈ ಕೊಡುತ್ತಾರೆ. ಬಾಯಿ ಹವಾಮಾನದ ಬಗ್ಗೆ, ಹಲ್ಲಿನ ಬಗ್ಗೆ, ಸುಳಿಯ ಬಗ್ಗೆ ಆಡುತ್ತಿರುತ್ತದೆ. ಬೆಲೆ ಮಾತ್ರ ಟವೆಲಿನ ಕೆಳಗೆ ಬೆರಳು ಹಿಡಿದು ಹಿಡಿದು ಏರುತ್ತ ಇಳಿಯುತ್ತ ಹೋಗುತ್ತದೆ. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಮಾರುವವನ ಮಾನ, ಕೊಳ್ಳುವವನ ಗುಟ್ಟು ಎರಡೂ ಉಳಿಯುತ್ತವೆ. ಬೆಲೆಯನ್ನು ಬಾಯಿಬಿಟ್ಟು ಹೇಳದ ಈ ಮರ್ಯಾದೆಯಲ್ಲಿ ಬೆಳೆದ ವ್ಯಾಪಾರಿಗೆ, ತಂತಿಯ ಮೂಲಕ ಜೋರಾಗಿ ಬೆಲೆ ಕೂಗಬೇಕಾದ ಯಂತ್ರ ಬಂದಾಗ ಏನನ್ನಿಸಿರಬಹುದು? ಅದಕ್ಕೇ ಇರಬೇಕು, ಈಗಲೂ ದರದ ಮಾತು ಬಂದರೆ ಅಂಗಡಿಯಿಂದ ಎದ್ದು ಬೀದಿಗೆ ಹೋಗಿ ಬೆನ್ನು ತಿರುಗಿಸಿ ಮಾತಾಡುವವರು ಎಲ್ಲ ಪೇಟೆಯಲ್ಲೂ ಕಾಣುತ್ತಾರೆ. ‘ಸ್ಪೀಕರ್‌ಗೆ ಹಾಕಿಲ್ಲ ತಾನೆ?’ ಎಂಬ ಪ್ರಶ್ನೆ ಆ ಟವೆಲಿನ ಸಂತತಿಯದೇ.

ನಮ್ಮ ಜಿಲ್ಲೆಯ ನೆರೆಯಲ್ಲೇ ಭಾರತದ ಫೋನು ತಯಾರಾಗುತ್ತಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಕೃಷ್ಣರಾಜಪುರದ ಬಳಿಯ ಅದರ ಊರಿಗೆ ದೂರವಾಣಿನಗರ ಎಂದೇ ಹೆಸರು. ಅಲ್ಲಿ ತಯಾರಾದ ಬೆರಳು ಹಾಕಿ ತಿರುಗಿಸುವ ಭಾರದ ಫೋನು ದೇಶವೆಲ್ಲ ಹೋಯಿತು, ಹತ್ತಿರದ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು. ಇದ್ದ ಕೆಲವೇ ಫೋನುಗಳಲ್ಲಿ ದೂರದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ‘ಬುಕ್’ ಮಾಡಬೇಕಿತ್ತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು. ಲೈಟ್ನಿಂಗ್‌ಗೆ ಸಾಧಾರಣದ ಹಲವು ಪಟ್ಟು ಹಣ. ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಮುಂದುವರಿಸಬೇಕೇ ಎಂದು ಕೇಳುವರು. ನಿರ್ದಿಷ್ಟ ವ್ಯಕ್ತಿಯೇ ಬೇಕೆಂದರೆ ಪಿ.ಪಿ. ಕಾಲ್. ಆಮೇಲಾಮೇಲೆ ಪಕ್ಕದ ಮನೆಯ ಫೋನ್ ನಂಬರನ್ನು ಲಗ್ನಪತ್ರಿಕೆಯಲ್ಲೂ ಅಂಗಡಿ ಬಿಲ್ಲಿನಲ್ಲೂ ಅಚ್ಚು ಹಾಕಿಸಿ ಅದರ ಮುಂದೆ ‘ಪಿ.ಪಿ.’ ಎಂದು ಬರೆಯುವ ರೂಢಿ ಬಂತು. ‘ವಸಿ ಪಕ್ಕದ ಮನೆಯವರ್ನ ಕರೀತೀರಾ?’ ಎಂದು ಕೇಳಿ, ಕರೆಯಲು ಹೋದ ಮಗು ವಾಪಸ್ ಬರುವವರೆಗೆ ಲೈನಿನಲ್ಲಿ ಕಾಯುತ್ತಿದ್ದ ದಿನಗಳನ್ನು ಈಗ ಐವತ್ತು ದಾಟಿದವರೆಲ್ಲ ನೆನೆಯುತ್ತಾರೆ. ಆ ಕಾಲದ ಫೋನಿನ ಕನ್ನಡ ಟೆಲಿಗ್ರಾಂ ಹಾಗೆ ಮೊಟಕು. ಮಾತು ಕಡಿಮೆ, ದನಿ ದೊಡ್ಡದು.

ಹಳ್ಳಿಗೆ ಫೋನು ಬಂದ ಕತೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಸ್ಯಾಮ್ ಪಿತ್ರೋಡಾ ಅವರ ಮುಂದಾಳ್ತನದಲ್ಲಿ 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣ ಇಲ್ಲದೆಯೂ ನಮ್ಮ ಬಿಸಿಲು, ದೂಳು ತಾಳುವಂಥ 128 ಲೈನಿನ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅದು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಆಮೇಲೆ ಹಳದಿ ಬಣ್ಣದ ಎಸ್‌.ಟಿ.ಡಿ. ಬೂತ್‌ಗಳು ಬಸ್‌ ಸ್ಟ್ಯಾಂಡಿನ ಸುತ್ತ ಎದ್ದವು. ಗಾಜಿನ ಗೂಡು, ಒಳಗೊಂದು ಸ್ಟೂಲು, ಕೆಂಪು ಅಂಕಿ ಓಡುವ ಮೀಟರ್. ರಾತ್ರಿ ಹನ್ನೊಂದರ ಮೇಲೆ ಕಾಲು ದರ ಎಂದು ಕಾಯುತ್ತಿದ್ದ ಸಾಲು. ಗಾಜಿನ ಹೊರಗೆ ನಿಂತವರಿಗೆ ಕೇಳಿಸಬಾರದೆಂದು ತಗ್ಗಿಸಿದ ದನಿ, ಆ ಕಡೆಯವರಿಗೆ ಕೇಳಿಸಲೆಂದು ಏರಿಸಿದ ದನಿ, ಎರಡೂ ಸೇರಿ ಒಂದು ವಿಚಿತ್ರ ಸ್ವರ ಆ ಗೂಡಿನಲ್ಲಿತ್ತು. ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತಾಗ ಪತ್ರಿಕೆಗಳು ಬರೆದವು. ಬೂತ್‌ಗಳು ಮುಚ್ಚಿದಾಗ ಅಷ್ಟು ಬರೆಯಲಿಲ್ಲ. ಅವುಗಳಲ್ಲಿ ಎಷ್ಟೋ ಅಂಗವಿಕಲರ ಜೀವನೋಪಾಯವಾಗಿದ್ದವು.

ಮೊಬೈಲು ಬಂದಾಗ ಹಣದ ಲೆಕ್ಕವೇ ಮಾತಿನ ಲೆಕ್ಕವಾಯಿತು. 1995ರಲ್ಲಿ ದೇಶದ ಮೊದಲ ಮೊಬೈಲ್ ಕರೆ ಆದ ಮೇಲೂ ಕೆಲವು ವರ್ಷ ಬಂದ ಕರೆಗೂ ದುಡ್ಡು ತೆರಬೇಕಿತ್ತು. 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಉಚಿತವಾಯಿತು. ಅಲ್ಲಿಂದ ಮುಂದೆ ‘ಮಿಸ್ ಕಾಲ್ ಕೊಡು’ ಎಂಬುದು ಸಾಮಾನ್ಯ ಮಾತಾಯಿತು. ಒಂದು ಮಿಸ್ ಕಾಲ್ ಬಂದರೆ ಗಾಡಿ ಹೊರಟಿತು, ಎರಡು ಬಂದರೆ ಮಾಲು ಇಳಿಯಿತು ಎಂದೆಲ್ಲ ಒಡಂಬಡಿಕೆ ಮಾಡಿಕೊಂಡ ಡ್ರೈವರುಗಳು, ಹಾಲಿನವರು ಇದ್ದರು. ರೀಚಾರ್ಜಿಗೆ ನಮ್ಮವರು ‘ಕರೆನ್ಸಿ’ ಎಂದರು. ‘ಕರೆನ್ಸಿ ಖಾಲಿ ಆಗೈತೆ, ನೀನೇ ಮಾಡು’ ಎಂಬ ಮಾತು ಹಳೇ ಮೈಸೂರಿನ ಉದ್ದಗಲಕ್ಕೂ ಓಡಾಡಿತು.

ಅಂಗಡಿ ಬೋರ್ಡುಗಳನ್ನು ನೋಡಿದರೆ ಆ ಕಾಲ ಇನ್ನೂ ಕಾಣುತ್ತದೆ. 9448 ಎಂದು ಶುರುವಾಗುವ ಬಿಎಸ್‌ಎನ್‌ಎಲ್ ನಂಬರು, 9845 ಎಂದು ಶುರುವಾಗುವ ನಂಬರು ಬರೆಸಿಕೊಂಡವರು ಅವನ್ನು ಬಿಡಲು ಒಪ್ಪುವುದಿಲ್ಲ. ಕಂಪನಿ ಬದಲಾದರೂ ನಂಬರು ಉಳಿಸಿಕೊಂಡಿದ್ದಾರೆ. ಮೂರು ತಾಲ್ಲೂಕಿನ ಗಿರಾಕಿಗಳ ನೆನಪಿನಲ್ಲಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟ ಜಾಗದಲ್ಲಿ ಆ ಹತ್ತು ಅಂಕಿ ಕೂತಿವೆ.

ಇನ್ನು ಇವತ್ತಿನ ಮಾತಿಗೆ ಬರುತ್ತೇನೆ. ತಂತಿಯ ಫೋನಿನಲ್ಲಿ ‘ಯಾರು ಮಾತಾಡೋದು?’ ಎಂಬುದು ಮೊದಲ ಪ್ರಶ್ನೆ. ಮೊಬೈಲಿನಲ್ಲಿ ಹೆಸರು ಕಾಣುತ್ತದೆ, ಆದ್ದರಿಂದ ಮೊದಲ ಪ್ರಶ್ನೆ ‘ಎಲ್ಲಿದ್ದೀರಾ?’ ಆಯಿತು. ಅದಕ್ಕೆ ಉತ್ತರ ‘ಬಂದೆ’. ‘ಬರುತ್ತಿದ್ದೇನೆ’ ಎಂದರೆ ಅನುಮಾನ, ‘ಬಂದೆ’ ಎಂದರೆ ಹೊರಟಾಗಿದೆ ಎಂಬ ಭರವಸೆ. ‘ಬಂದೆ ಬಂದೆ, ದಾರೀಲವ್ನಿ’ ಎಂದರೆ ಇನ್ನೂ ಗಟ್ಟಿ. ನಡೆಯಬೇಕಾದ್ದನ್ನು ನಡೆದುಹೋದಂತೆ ಹೇಳಿ ಧೈರ್ಯ ಕೊಡುವ ಈ ಬಳಕೆ ಕನ್ನಡದ ಮೂಲ ಗುಣ. ಹೊರಗಿನಿಂದ ಬಂದ ಡೆಲಿವರಿ ಹುಡುಗರಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಅವರು ‘ಬಂದೆ’ ಎಂಬುದನ್ನು ಬಂದಾಯಿತು ಎಂದೇ ತಿಳಿದು ಬಾಗಿಲಲ್ಲಿ ಕಾದು ನಿಂತಿರುತ್ತಾರೆ.

ಬೇಡವೆನ್ನುವುದಕ್ಕೂ ಇಲ್ಲಿ ಒಂದು ಕ್ರಮವಿದೆ. ವ್ಯಾಪಾರದ ಫೋನಿನಲ್ಲಿ ‘ಇಲ್ಲ’ ಎಂಬ ಪದ ಬಹಳ ಕಡಿಮೆ. ‘ನೋಡಾಣ’, ‘ಸಂತೆ ಕಳೀಲಿ’, ‘ಯೋಚ್ನೆ ಮಾಡಿ ನಾನೇ ಮಾಡ್ತೀನಿ’, ‘ಮನೇಲೊಂದ್ ಮಾತ್ ಕೇಳ್ತೀನಿ’. ಕೇಳಿಸಿಕೊಂಡವನಿಗೆ ಅರ್ಥವಾಗುತ್ತದೆ, ಮುಖ ಕೆಡುವುದಿಲ್ಲ, ನಾಳೆ ಮತ್ತೆ ಫೋನ್ ಮಾಡುವ ದಾರಿ ತೆರೆದಿರುತ್ತದೆ. ದುಡ್ಡು ಕೇಳುವವರೂ ಅಷ್ಟೇ. ‘ವಸಿ ನಮ್ ಕಡೆನೂ ನೋಡಿ ಯಜಮಾನ್ರೇ, ನಮಗೂ ಮೇಲಿನವರು ಕೇಳ್ತಾವ್ರೆ’ ಎನ್ನುತ್ತಾರೆ. ಸಾಲಗಾರನನ್ನು ಅಪರಾಧಿ ಮಾಡದೆ, ತನ್ನ ಕಷ್ಟವನ್ನೂ ಅವನ ಪಕ್ಕದಲ್ಲಿಟ್ಟು ಕೇಳುವ ಮಾತು ಇದು. ದೊಡ್ಡಬಳ್ಳಾಪುರದ ಮಗ್ಗದವರು ನೂಲಿನ ಮಾಲೀಕರಿಗೆ ಫೋನ್ ಮಾಡಿ ‘ವಾರ್ಪು ಮುಗೀತಾ ಬಂತು, ಮಗ್ಗ ನಿಲ್ಬಾರ್ದು ನೋಡಿ’ ಎನ್ನುವಾಗಲೂ ಇದೇ ಕ್ರಮ. ಬೇಡಿಕೆ ನೇರವಾಗಿ ಬರುವುದಿಲ್ಲ, ಸಂಗತಿಯನ್ನು ಮುಂದಿಟ್ಟು ಉಳಿದದ್ದನ್ನು ಕೇಳುವವರ ವಿವೇಕಕ್ಕೆ ಬಿಡುತ್ತಾರೆ.

ಇದರ ಪಕ್ಕದಲ್ಲಿ ಸಾಲ ವಸೂಲಿಯ ಕಾಲ್‌ ಸೆಂಟರ್ ಕನ್ನಡವನ್ನಿಡಿ. ‘ನೀವು ಪಾವತಿಸಲು ವಿಫಲರಾದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.’ ಯಾರು ವಿಫಲರು, ಯಾರು ಜರುಗಿಸುವವರು, ಏನು ಕ್ರಮ, ಒಂದೂ ಸ್ಪಷ್ಟವಿಲ್ಲ, ಬೆದರಿಕೆಯೊಂದು ಸ್ಪಷ್ಟ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಕಟ್ಟುನಿಟ್ಟಾಗಿ ಹೇಳಿದೆ, ಬೆದರಿಕೆ, ಕಿರುಕುಳ ಕೂಡದೆಂದೂ ಹೇಳಿದೆ. ಈ ನಿಯಮ ನಮ್ಮ ಹೋಬಳಿಯ ಎಷ್ಟು ಮನೆ ತಲುಪಿದೆ? ತಲುಪಿಸುವ ಭಾಷೆಯಲ್ಲಿ ಅದನ್ನು ಹೇಳುವುದಾದರೆ ಒಂದು ಸಾಲು ಸಾಕು: ‘ರಾತ್ರಿ ಏಳಾದ್ ಮೇಲೆ ಸಾಲದೋರು ಫೋನ್ ಮಾಡಂಗಿಲ್ಲ, ಬೈಯಂಗಿಲ್ಲ.’

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟಿರುವುದು ‘ಹೂಂ’. ನಮ್ಮಲ್ಲಿ ಕತೆ ಹೇಳುವವರಿದ್ದರೆ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಅಜ್ಜಿ ಕತೆ ನಿಲ್ಲಿಸಿಬಿಡುತ್ತಾಳೆ. ಆ ಅಭ್ಯಾಸವೇ ಫೋನಿಗೂ ಬಂದಿದೆ. ಮುಖ ಕಾಣದ ಕಡೆ ‘ಹೂಂ’, ‘ಹಾಂ’, ‘ಸರಿ ಸರಿ’ ಎನ್ನುತ್ತಿರುವುದು ‘ನಾನಿನ್ನೂ ಲೈನಲ್ಲಿದ್ದೇನೆ, ಮುಂದುವರಿಸಿ’ ಎಂದು ತಿಳಿಸಲಿಕ್ಕೆ. ಒಪ್ಪಿಗೆ ಬೇರೆಯದೇ ಮಾತು, ಅದು ಕೊನೆಯಲ್ಲಿ ‘ಆಯ್ತು, ಹಂಗೇ ಮಾಡಿ’ ಎಂದು ಬರುತ್ತದೆ. ಆದರೆ ಆ ಕಡೆ ಕೂತು ಬರೆದುಕೊಟ್ಟದ್ದನ್ನು ಓದುವವರಿಗೆ ‘ಹೂಂ’ ಎಂದರೆ ಒಪ್ಪಿದಂತೆ. ಕೇಳಿಯೇ ಇರದ ಕಾಲರ್ ಟ್ಯೂನು, ಬೇಡದ ಪ್ಯಾಕು ಹೀಗೆ ಎಷ್ಟೋ ಜನರ ಫೋನಿಗೆ ಬಂದು ಕೂತು ಕರೆನ್ಸಿ ತಿಂದವು. ಗ್ರಾಹಕರಿಂದ ಎರಡು ಸಲ ಸ್ಪಷ್ಟ ಒಪ್ಪಿಗೆ ಪಡೆಯದೆ ಇಂಥ ಸೇವೆ ಹಚ್ಚಬಾರದೆಂದು 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿರ್ದೇಶನ ಕೊಡಬೇಕಾಯಿತು. ಕಾನೂನು ಬಂತು. ಆದರೂ ನಮ್ಮ ಮನೆಯ ಹಿರಿಯರಿಗೆ ನಾವು ಹೇಳಿಕೊಡಬೇಕಾದ ಮಾತು ಒಂದಿದೆ: ಗುರುತಿಲ್ಲದವರ ಫೋನಿನಲ್ಲಿ ಹೂಂಗುಟ್ಟಬೇಡಿ, ‘ಬೇಡ, ಇಡಿ’ ಎಂದು ಹೇಳಿ ಇಟ್ಟುಬಿಡಿ. ಅದು ಒರಟುತನವಲ್ಲ.

ಇಡುವುದಕ್ಕೂ ನಮ್ಮ ಕಡೆ ಮರ್ಯಾದೆಯಿದೆ, ಅದಕ್ಕೇ ವಯಸ್ಸಾದವರು ವಂಚಕರ ಫೋನನ್ನೂ ತಟ್ಟನೆ ಇಡಲಾರರು. ‘ಇಡ್ಲಾ?’ ಎಂದು ಕೇಳಿ, ‘ಹೂಂ ಇಡಿ’ ಎಂದ ಮೇಲೆ ‘ಮಡಗ್ತೀನಿ ಹಂಗಾದ್ರೆ’ ಎಂದು ಹೇಳಿ, ಆಮೇಲೂ ಒಂದೆರಡು ಮಾತಾಡಿ ಇಡುವ ಜನ ನಾವು. ಪೊಲೀಸ್ ವೇಷ ಹಾಕಿ ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಈ ಸೌಜನ್ಯದ ಮೇಲೆಯೇ ಬದುಕುತ್ತಿದ್ದಾರೆ. ಫೋನಿನಲ್ಲಿ ಯಾರನ್ನೂ ಅರೆಸ್ಟ್ ಮಾಡುವ ಕಾನೂನು ನಮ್ಮ ದೇಶದಲ್ಲಿಲ್ಲ. ಹಣ ಹೋಯಿತೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿದು ಕೈಗೆ ಸಿಗದಂತಾಗುತ್ತದೆ. ಬ್ಯಾಂಕು, ವಿಮೆಯವರ ಅಸಲಿ ಕರೆ ಗುರುತಿಸಲು 1600ರಿಂದ ಶುರುವಾಗುವ ನಂಬರುಗಳನ್ನೂ, ಮಾರಾಟದ ಕರೆಗಳಿಗೆ 140ರಿಂದ ಶುರುವಾಗುವ ನಂಬರುಗಳನ್ನೂ ಮೀಸಲಿಡಲಾಗಿದೆ. ಈ ಮೂರು ಸಂಖ್ಯೆಗಳನ್ನು ಡೇರಿಯ ಗೋಡೆ ಮೇಲೆ, ನ್ಯಾಯಬೆಲೆ ಅಂಗಡಿಯ ಬೋರ್ಡಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದರೆ ಗ್ರಾಮ ಪಂಚಾಯಿತಿಗೆ ಆಗುವ ಖರ್ಚು ಒಂದು ಡಬ್ಬಿ ಬಣ್ಣ.

ರೆಕಾರ್ಡ್ ಮಾಡಿದ ದನಿಯ ಕನ್ನಡದ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬ ವಾಕ್ಯ ಎಷ್ಟು ಜನಪ್ರಿಯವೆಂದರೆ ಅದೇ ಹೆಸರಿನಲ್ಲಿ ಸಿನಿಮಾ ಬಂತು. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’, ‘ಚಂದಾದಾರರು’ ಎಂಬ ಮಾತುಗಳು ಓದು ಬಾರದವರಿಗೂ ಕಿವಿಯಿಂದಲೇ ಪರಿಚಯವಾದವು. 2020ರ ಕೋವಿಡ್ ಕಾಲದಲ್ಲಿ ಪ್ರತಿ ಕರೆಗೂ ಮುಂಚೆ ಕೆಮ್ಮಿನ ಸದ್ದಿನೊಂದಿಗೆ ಬಂದ ಎಚ್ಚರಿಕೆ ಬೇಸರ ತರಿಸಿದರೂ, ಕೈ ತೊಳೆಯುವ ಮಾತು ಹಳ್ಳಿ ಹಳ್ಳಿ ಮುಟ್ಟಿತು. ಈಗ ಅಂಗಡಿಯ ಗಲ್ಲಾ ಪಕ್ಕ ಕೂತ ಯುಪಿಐ ಪೆಟ್ಟಿಗೆ ಬಂದ ದುಡ್ಡನ್ನು ಕನ್ನಡದಲ್ಲಿ ಕೂಗಿ ಹೇಳುತ್ತದೆ. 2024ರಲ್ಲಿ ಕಿಚ್ಚ ಸುದೀಪ್ ದನಿಯಲ್ಲೂ ಬಂತು. ಗಿರಾಕಿಯ ಫೋನ್ ಇಣುಕಿ ನೋಡಬೇಕಾಗಿದ್ದ ಮುಜುಗರ ತಪ್ಪಿತು ಎಂದು ವ್ಯಾಪಾರಿಗಳು ಸಂತೋಷಪಡುತ್ತಾರೆ. ಅಂದರೆ ಯಂತ್ರ ಕನ್ನಡ ಮಾತಾಡಿದರೆ ಜನ ಕೇಳುತ್ತಾರೆ. ತೊಡಕು ಇರುವುದು ವಾಕ್ಯವನ್ನು ಎಲ್ಲಿಂದ ತಂದರು ಎಂಬುದರಲ್ಲಿ. ಬೇರೆ ಭಾಷೆಯಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿದ ‘ನಿಮ್ಮ ಕರೆ ನಮಗೆ ಮುಖ್ಯವಾಗಿದೆ’ ಯಾರ ಬಾಯಲ್ಲೂ ಹುಟ್ಟಿದ ಮಾತಲ್ಲ. ‘ಒಂದ್ನಿಮಿಷ ಲೈನಲ್ಲಿರಿ, ಇಡಬೇಡಿ’ ಎಂದರೆ ಬೇಕಾದಷ್ಟಾಯಿತು.

ನಿಯಮಗಳೇನೋ ಇವೆ. ಬ್ಯಾಂಕಿನ ಫಾರಂ, ಚಲನ್, ಬೋರ್ಡುಗಳು ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಗಳೇ ಹೇಳುತ್ತವೆ. ಕೈಗಾರಿಕೆಗಳಲ್ಲಿ ಕನ್ನಡ ಬಾರದ ನೌಕರರಿಗೆ ಕನ್ನಡ ಕಲಿಸುವ ಏರ್ಪಾಡಿನ ಬಗ್ಗೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಮಾತಾಡುತ್ತದೆ. ಸೋಂಪುರದ ಕಾರ್ಖಾನೆಗಳಿಗೆ, ನೆಲಮಂಗಲದ ಗೋದಾಮುಗಳಿಗೆ ಇದು ನೇರ ಸಂಬಂಧಪಟ್ಟ ಮಾತು. ಅಲ್ಲಿನ ಹುಡುಗರಿಗೆ ಪದ್ಯ ಬೇಡ, ವ್ಯಾಕರಣವೂ ಮೊದಲು ಬೇಡ. ‘ಗಾಡಿ ಬಂತಾ?’, ‘ಮಾಲ್ ಇಳ್ಸಿದ್ರಾ?’, ‘ಕೇಳುಸ್ತಿಲ್ಲ, ಜೋರಾಗ್ ಹೇಳಿ’, ‘ಲೊಕೇಶನ್ ಹಾಕಿ’, ‘ಬಿಲ್ಲು ವಾಟ್ಸ್ಯಾಪ್ ಮಾಡಿದೀನಿ, ನೋಡಿ’, ‘ಕಟ್ ಆಯ್ತು, ತಿರ್ಗಾ ಮಾಡ್ತೀನಿ’. ಇಂಥವನ್ನು ಕಿವಿಗೆ ಹಾಕಿದರೆ ಅವರು ಒಂದು ತಿಂಗಳೊಳಗೆ ನಮ್ಮ ಪೇಟೆಯಲ್ಲಿ ಧೈರ್ಯವಾಗಿ ಫೋನ್ ಎತ್ತುತ್ತಾರೆ. ಅಣ್ಣ, ಅಕ್ಕ ಎಂದು ಸೇರಿಸುವುದನ್ನು ಮೊದಲ ದಿನವೇ ಕಲಿಸಬೇಕು. ‘ಎಲ್ಲಿದ್ದೀಯ?’ ಮತ್ತು ‘ಎಲ್ಲಿದ್ದೀರಾ ಅಣ್ಣ?’ ನಡುವಿನ ಅಂತರ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಹುಡುಗರು ಬೈಸಿಕೊಂಡಿದ್ದಾರೆ.

ನಮ್ಮ ಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮ. ಸುತ್ತಲ ಹಳ್ಳಿಗಳಿಂದ ಪಿಯುಸಿ, ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳು ಆಸ್ಪತ್ರೆ, ಶೋರೂಂ, ಫೈನಾನ್ಸ್ ಕಚೇರಿಗಳ ಫೋನ್ ಮುಂದೆ ಕೂರುತ್ತಿದ್ದಾರೆ. ಅಲ್ಲಿ ಅವರಿಗೆ ಕೊಡುವ ಮೊದಲ ತರಬೇತಿ ‘ಐತೆ’ ಬಿಡಿ, ‘ವಸಿ’ ಬಿಡಿ ಎಂಬುದು. ‘ಇದೆ’, ‘ಸ್ವಲ್ಪ’ ಎನ್ನಲು ಕಲಿಯುವುದರಲ್ಲಿ ತಪ್ಪೇನಿಲ್ಲ, ಬೀದರಿನವರ ಜೊತೆ ಮಾತಾಡಲು ಅದು ಬೇಕು. ಆದರೆ ‘ಐತಾ?’ ಎಂದು ಕೇಳಿದ ರೈತನಿಗೆ ಅವನದೇ ಊರಿನ ಹುಡುಗಿ ‘ಲಭ್ಯವಿರುವುದಿಲ್ಲ ಸರ್’ ಎಂದು ಉತ್ತರಿಸಿದಾಗ, ಆ ಮನುಷ್ಯ ಮುಂದಿನ ಪ್ರಶ್ನೆ ಕೇಳಲು ಹಿಂಜರಿಯುತ್ತಾನೆ. ತನ್ನ ಮಾತು ಇಲ್ಲಿ ನಡೆಯುವುದಿಲ್ಲ ಎಂದುಕೊಂಡು ಫೋನನ್ನು ಮಗನ ಕೈಗೆ ಕೊಡುತ್ತಾನೆ. ಆ ಹುಡುಗಿಗೆ ಎರಡು ಕನ್ನಡವೂ ಬರುತ್ತವೆ. ಕರೆ ಮಾಡಿದವರ ದನಿ ಕೇಳಿ ಯಾವುದರಲ್ಲಿ ಮಾತಾಡಬೇಕೆಂದು ನಿರ್ಧರಿಸುವ ಜಾಣತನವೂ ಅವಳಿಗಿದೆ. ಅದನ್ನು ಬಳಸಲು ಬಿಡುವುದು ಮಾಲೀಕರಿಗೇ ಲಾಭ.

ಇನ್ನುಳಿದದ್ದು ಅಂಕಿಗಳ ಮಾತು. ನಮ್ಮ ಪೇಟೆಯಲ್ಲಿ ಬೆಲೆಯನ್ನು ಕನ್ನಡದಲ್ಲೇ ಹೇಳುತ್ತಾರೆ. ಇಪ್ಪತ್ತೆಂಟೂವರೆ, ನೂರಾ ಹದಿನೈದು, ಒಂದೂಕಾಲು ಲಕ್ಷ. ಫೋನ್ ನಂಬರನ್ನು ಮಾತ್ರ ಇಂಗ್ಲಿಷಿನಲ್ಲಿ. ‘ನೈನ್, ಡಬಲ್ ಫೋರ್, ಏಯ್ಟ್’. ಇದು ಎಂದೋ ಆದ ರೂಢಿ, ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಓಟಿಪಿ, ಗ್ಯಾಸ್ ಬುಕಿಂಗ್ ನಂಬರು, ಬೆಸ್ಕಾಂನ 1912ಕ್ಕೆ ದೂರು ಕೊಟ್ಟಾಗ ಸಿಗುವ ಸಂಖ್ಯೆ, ಎಲ್ಲವೂ ಫೋನಿನಲ್ಲೇ ಬರುವ ಕಾಲದಲ್ಲಿ, ಇಂಗ್ಲಿಷ್ ಅಂಕಿ ಬಾರದ ಅರವತ್ತರ ತಾಯಿ ತನ್ನದೇ ಖಾತೆಯ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟು ಓದಿಸಬೇಕಾಗುತ್ತದೆ. ಯಾರಿಗೂ ಹೇಳಬೇಡಿ ಎಂದು ಬರುವ ಸಂಖ್ಯೆಯನ್ನು ಪಕ್ಕದ ಅಂಗಡಿಯವನ ಮುಂದೆ ಹಿಡಿಯದೆ ಆಕೆಗೆ ಗತಿಯಿಲ್ಲ. ಕನ್ನಡ ಆರಿಸಿಕೊಂಡವರಿಗೆ ಅಂಕಿಯನ್ನೂ ಕನ್ನಡದಲ್ಲೇ, ಒಂದೊಂದಾಗಿ, ನಿಧಾನವಾಗಿ ಓದಿ, ‘ಇನ್ನೊಂದ್ಸಲ ಕೇಳ್ಬೇಕಾ? ಎರಡು ಒತ್ತಿ’ ಎನ್ನುವ ದನಿ ಸೇರಿಸುವುದು ಯಾವ ಕಂಪನಿಗೂ ದೊಡ್ಡ ಕೆಲಸವಲ್ಲ. ಆರು ಅಂಕಿ, ಎರಡು ಸಲ, ಕನ್ನಡದಲ್ಲಿ. ಮೊದಲು ಇದಾಗಲಿ.